ಮೂರನೆಯ ಸಲ ಬಿಚ್ಚಬೇಡಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಹಳ್ಳಿಯವಳು. ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣನಿಗಾಗಿ ಅಜ್ಜಿಯ ಹಳೆಯ ಸೀರೆಗಳಿಂದ ಮೊದಲ ಬಾರಿಗೆ ಕೌದಿ ಹೊಲಿಯುತ್ತಿದ್ದೇನೆ. ಸಾಲುಗಳು ನೇರ ಬರುತ್ತಿಲ್ಲ, ನಡುವೆ ಬಟ್ಟೆ ಉಬ್ಬಿ ನಿಂತಿದೆ. ಎರಡು ಸಲ ಪೂರ್ತಿ ಬಿಚ್ಚಿ ಹೊಲಿದೆ. ಬಿಚ್ಚಿದ ಕಡೆ ಸೀರೆಯಲ್ಲಿ ತೂತು ಬಿದ್ದಿವೆ. ಒಂದು ಮೂಲೆ ಒದ್ದೆಯಾಗಿ ಕೆಂಪು ಸೆರಗಿನ ಬಣ್ಣ ಬಿಳಿ ಧೋತರಕ್ಕೆ ಹತ್ತಿದೆ. ಪಕ್ಕದ ಮನೆಯವರು ‘ಇದನ್ನು ಯಾರಿಗೆ ಕೊಡುತ್ತೀಯ’ ಎಂದು ನಕ್ಕರು. ಗೆಳತಿ ಮಾತ್ರ ‘ಕೈಕೆಲಸದಲ್ಲಿ ಕುಂದೇ ಚೆಂದ, ಹಾಗೇ ಬಿಡು’ ಎನ್ನುತ್ತಾಳೆ. ಮತ್ತೆ ಬಿಚ್ಚಲೇ, ಹಾಗೇ ಬಿಡಲೇ?

ಉತ್ತರ:

ತಂಗಿ, ನೇರ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ಪೂರ್ತಿ ಬಿಚ್ಚಬೇಡಿ. ನಡುವೆ ಉಬ್ಬಿರುವ ಮೊಳದಷ್ಟು ಜಾಗವನ್ನು ಮಾತ್ರ ಬಿಚ್ಚಿ ಸರಿಪಡಿಸಿ, ಡೊಂಕು ಸಾಲುಗಳಿಗೆ ಕೈ ಹಚ್ಚಬೇಡಿ. ನಿಮ್ಮ ಪಕ್ಕದ ಮನೆಯವರೂ ಗೆಳತಿಯೂ ಕೌದಿಯನ್ನು ಮೇಲಿನಿಂದ ನೋಡಿ ಮಾತಾಡಿದ್ದಾರೆ. ಕೌದಿಯ ತಪ್ಪು ಒಪ್ಪು ಗೊತ್ತಾಗುವುದು ಅದನ್ನು ತಿರುವಿ ಹಾಸಿದಾಗ, ಎರಡು ಕೈಯಲ್ಲಿ ಹಿಡಿದು ಎಳೆದಾಗ, ಒಗೆದಾಗ.

ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೌದಿ ಹೊಲಿಯುತ್ತ, ಹೊಲಿಯುವುದನ್ನು ಕಲಿಸುತ್ತ ಬಂದಿದ್ದೇನೆ. ಕಲಿಯಲು ಬಂದವರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಸಾಲು ನೋಡಿ ಅಳುತ್ತಾರೆ. ಅವರ ಕೌದಿಯಲ್ಲಿ ನಿಜವಾಗಿ ಕೆಟ್ಟಿರುವುದು ಬೇರೆ ಏನೋ ಆಗಿರುತ್ತದೆ. ಅದರ ಕಡೆ ಅವರ ಕಣ್ಣೇ ಹೋಗಿರುವುದಿಲ್ಲ. ನನ್ನ ಕಣ್ಣೂ ಹೋಗಿರಲಿಲ್ಲ.

ನಾನು ಹೊಲಿದ ಮೊದಲ ದೊಡ್ಡ ಕೌದಿ ನನ್ನ ನಾದಿನಿಗೆ. ಅತ್ತೆಯ ಕಾಲದ ನೂಲಿನ ಸೀರೆಗಳು, ಮುಟ್ಟಿದರೆ ಬೆಣ್ಣೆಯಂತೆ ಮೆತ್ತಗಿದ್ದವು. ಬಹಳ ಕಾಲ ಬಾಳಲಿ ಎಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪಾಲಿಯೆಸ್ಟರ್ ದಾರ ಕೇಳಿ ತಂದೆ. ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯ ಮೇಲೆಯೇ ಸೂಜಿ ಓಡಿಸಿದೆ. ನೋಡಿದವರೆಲ್ಲ ಯಂತ್ರದಲ್ಲಿ ಹೊಲಿದಂತಿದೆ ಎಂದರು. ನನಗೆ ಹಿಗ್ಗು. ನಾಲ್ಕನೆಯ ಒಗೆತಕ್ಕೆ ಕೌದಿ ತಿರುಗಿ ನನ್ನ ಕೈಗೆ ಬಂತು. ಅಂಚೆ ಚೀಟಿಯ ಹಾಳೆಯಲ್ಲಿ ಹರಿಯಲು ಅನುಕೂಲವಾಗಲೆಂದು ಚುಕ್ಕಿ ತೂತು ಕೊರೆದಿರುತ್ತಾರಲ್ಲ, ಹಾಗೆ ಪ್ರತಿ ಸಾಲಿನುದ್ದಕ್ಕೂ ಬಟ್ಟೆ ಸೀಳಿತ್ತು. ದಾರ ಎಲ್ಲಿಯೂ ಹರಿದಿರಲಿಲ್ಲ. ಹೊಸದರಂತೆ ಹೊಳೆಯುತ್ತ ಎರಡು ಸೀಳುಗಳ ನಡುವೆ ಬಿಗಿಯಾಗಿ ನಿಂತಿತ್ತು. ದಾರವೇ ಗರಗಸವಾಗಿ ಸೀರೆಯನ್ನು ಕೊಯ್ದಿತ್ತು.

ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಹೊಲಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ದಾರ ಬಟ್ಟೆಗಿಂತ ಒಂದು ಗುಂಜಿ ಬಡವಾಗಿಯೇ ಇರಬೇಕು. ಹಳೆಯ ನೂಲಿನ ಸೀರೆಗೆ ನೂಲಿನ ದಾರವೇ ಸರಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲವೆಂದಲ್ಲ. ಅವ್ವ ಹೇಳಿದ್ದಳು, ನಾನು ಗಟ್ಟಿ ದಾರದ ಮೋಹದಲ್ಲಿ ಕೇಳಿಸಿಕೊಂಡಿರಲಿಲ್ಲ. ಆ ಕೌದಿಯ ಒಂದು ಗೇಣಿನ ಪಟ್ಟಿ ಇಂದಿಗೂ ನನ್ನ ಸೂಜಿ ಡಬ್ಬಿಯಲ್ಲಿದೆ. ಕಲಿಯಲು ಬಂದವರ ಕೈಗೆ ಮೊದಲ ದಿನ ಕೊಡುವುದು ಅದನ್ನೇ.

ನಿಮ್ಮ ಪತ್ರದಲ್ಲಿ ಯಾವ ದಾರ ಎಂದು ಬರೆದಿಲ್ಲ. ಒಂದು ತುಂಡನ್ನು ಕತ್ತರಿಸಿ ಎರಡು ಕೈಯಿಂದ ಸರಕ್ಕನೆ ಎಳೆದು ನೋಡಿ. ಸಾಧಾರಣ ಬಲಕ್ಕೆ ಹರಿದು ತುದಿ ನಾರುನಾರಾದರೆ ನೂಲಿನದು, ನಿಶ್ಚಿಂತೆಯಿಂದಿರಿ. ಕೈಗೆ ಕೊಯ್ದರೂ ಹರಿಯದಿದ್ದರೆ ಇನ್ನು ಮುಂದಿನ ಸಾಲುಗಳಿಗಾದರೂ ಬದಲಾಯಿಸಿ. ಆಗಲೇ ಹೊಲಿದದ್ದನ್ನು ಬಿಚ್ಚಲು ಹೋಗಬೇಡಿ. ಎರಡು ಸಲ ಬಿಚ್ಚಿದ ಬಟ್ಟೆಗೆ ಮೂರನೆಯ ಬಿಚ್ಚುವಿಕೆಯೇ ಆ ದಾರಕ್ಕಿಂತ ಹೆಚ್ಚಿನ ಕೇಡು ಮಾಡುತ್ತದೆ.

ಈಗ ನಿಮ್ಮ ಡೊಂಕು ಸಾಲಿಗೆ ಬರೋಣ. ಕೌದಿಯ ಹೊಲಿಗೆಗೆ ಇರುವ ಕೆಲಸ ಪದರಗಳನ್ನು ಒಂದಕ್ಕೊಂದು ಹಿಡಿದಿಡುವುದು. ಸಾಲು ಹಾವಿನಂತೆ ಹರಿದಿದ್ದರೂ ಪದರ ಹಿಡಿದಿದ್ದರೆ ಅದರ ಕೆಲಸ ಆಯಿತು. ನಮ್ಮ ಭಾಗದಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುತ್ತಿದ್ದ ಗೊಂದಳಿ ಸಮುದಾಯದ ಹೆಂಗಸರು ಗೆರೆ ಎಳೆದುಕೊಂಡು ಹೊಲಿದವರಲ್ಲ. ಮುಂಚಿನ ಸಾಲಿನ ಪಕ್ಕದಲ್ಲಿಯೇ ಬೆರಳಿಟ್ಟು ಅದರ ಬಳುಕಿಗೆ ಬಳುಕುತ್ತ ಮುಂದಿನ ಸಾಲು ಹಾಕಿದವರು. ಮೊದಲ ಸಾಲಿನಲ್ಲಿ ಆದ ಚಿಕ್ಕ ಬಾಗು ಹತ್ತನೆಯ ಸಾಲಿಗೆ ಬರುವಷ್ಟರಲ್ಲಿ ಅಲೆಯಾಗಿ, ಕೌದಿಯ ತುಂಬ ಉಕ್ಕೆ ಹೊಡೆದ ಹೊಲದಂತೆ ಹರಡಿಕೊಂಡಿರುತ್ತದೆ. ಅದನ್ನು ಯಾರೂ ತಪ್ಪೆನ್ನಲಿಲ್ಲ.

ಆದರೆ ಕೌದಿಯನ್ನು ತಿರುವಿ ಹಿಂಭಾಗ ನೋಡಿ. ಮೇಲೆ ಕಾಣುವ ಪ್ರತಿ ಹೊಲಿಗೆಗೂ ಹಿಂದೆ ಒಂದು ಜೋಡಿ ಇರಬೇಕು. ಹಿಂದೆ ಖಾಲಿ ಇದ್ದರೆ ಸೂಜಿ ಕೆಳಗಿನ ಪದರವನ್ನು ಮುಟ್ಟಿಲ್ಲ. ಅಲ್ಲಿ ಒಂದು ಸಾಲು ಹೆಚ್ಚಿಗೆ ಹಾಕಿ. ಇನ್ನೊಂದು, ಹೊಲಿಗೆಯ ಉದ್ದ. ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸಡಿಲ ಹೊಲಿಗೆ ಇದ್ದರೆ ರಾತ್ರಿ ಮಗ್ಗಲು ಬದಲಿಸುವಾಗ ನಿಮ್ಮ ಅಣ್ಣನ ಕಾಲಬೆರಳು ಅದಕ್ಕೆ ಸಿಕ್ಕಿ ಎಳೆಯುತ್ತದೆ. ಒಂದು ಕಡೆ ಕಿತ್ತರೆ ಸಾಲು ಪೂರ್ತಿ ಸಡಿಲವಾಗುತ್ತದೆ. ಅಂಥ ಹೊಲಿಗೆಗಳ ನಡುವೆ ಒಂದು ಚಿಕ್ಕ ಹೊಲಿಗೆ ಹಾಕಿ ಹಿಡಿದುಬಿಡಿ. ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ಉಬ್ಬು ಮಾತ್ರ ನಿಜವಾದ ದೋಷ. ಬಳಸುತ್ತ ಹೋದಂತೆ ಉಬ್ಬಿದ ಜಾಗ ನೆಲಕ್ಕೆ, ಮೈಗೆ ಹೆಚ್ಚು ಉಜ್ಜಿ ಅಲ್ಲಿಯೇ ಮೊದಲು ಸವೆಯುತ್ತದೆ. ಅದು ಬಂದದ್ದು ಹೀಗೆ: ನೀವು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ಒಳಕ್ಕೆ ಬಂದಿದ್ದೀರಿ. ನಮ್ಮಲ್ಲಿ ಬಹಳ ಜನ ಹಾಗೆಯೇ ಹೊಲಿಯುವುದು, ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಸಲ ಸೂಜಿ ಚುಚ್ಚಿ ಎಳೆದಾಗ ಮೇಲಿನ ಪದರ ಕೂದಲೆಳೆಯಷ್ಟು ಮುಂದಕ್ಕೆ ಸರಿಯುತ್ತದೆ. ಸಾವಿರಾರು ಹೊಲಿಗೆಯ ಸರಿತ ಸೇರಿಕೊಂಡು, ಹೋಗಲು ದಾರಿಯಿಲ್ಲದೆ ನಡುವೆ ಗುಡ್ಡವಾಗಿ ನಿಲ್ಲುತ್ತದೆ. ನೀವು ಎರಡು ಸಲ ಬಿಚ್ಚಿ ಹೊಲಿದರೂ ಉಬ್ಬು ಮತ್ತೆ ಬಂದದ್ದು ಅದಕ್ಕೇ. ನಿಮ್ಮ ಕೈಯಲ್ಲಿ ಲೋಪವಿರಲಿಲ್ಲ, ಹೊಲಿಯುವ ಮುಂಚಿನ ಕೆಲಸ ಒಂದು ಬಿಟ್ಟುಹೋಗಿತ್ತು. ಪದರಗಳನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ನಡುವಿನಿಂದ ಅಂಚಿನ ಕಡೆಗೆ ಗಾಡಿಯ ಚಕ್ರದ ಕಡ್ಡಿಗಳಂತೆ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕಿತ್ತು. ಒಂದು ಕಡ್ಡಿಗೂ ಇನ್ನೊಂದಕ್ಕೂ ಗೇಣಿಗಿಂತ ಹೆಚ್ಚು ಅಂತರ ಬೇಡ. ಕೌದಿ ಮುಗಿದ ಮೇಲೆ ಈ ಕಚ್ಚಾ ಹೊಲಿಗೆಯನ್ನು ತೆಗೆದುಬಿಡುತ್ತೇವೆ. ಅದರ ಗುರುತೂ ಉಳಿಯುವುದಿಲ್ಲ.

ಈಗ ಸರಿಪಡಿಸುವುದು ಹೇಗೆ? ಕೌದಿಯನ್ನು ಗಟ್ಟಿ ನೆಲದ ಮೇಲೆ ಹಾಸಿ. ಅಂಗೈಯನ್ನು ಚಪ್ಪಟೆಯಾಗಿಟ್ಟು ಅಂಚಿನಿಂದ ನಡುವಿಗೆ ನಿಧಾನವಾಗಿ ಸವರಿಕೊಂಡು ಬನ್ನಿ. ಕೈಯ ಮುಂದೆ ಬಟ್ಟೆ ಸಣ್ಣ ಅಲೆಯಾಗಿ ಓಡುತ್ತದೆ. ಅಲೆ ಎಲ್ಲಿ ಏಳುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ನಾಲ್ಕೂ ದಿಕ್ಕಿನಿಂದ ಹೀಗೆ ಮಾಡಿದರೆ ಕೌದಿಯ ಮೇಲೆ ಒಂದು ಸೊಟ್ಟ ವೃತ್ತ ಸಿಗುತ್ತದೆ. ಆ ವೃತ್ತದೊಳಗಿನ ಹೊಲಿಗೆಗಳನ್ನು ಮಾತ್ರ ಬಿಚ್ಚಿ. ಬಿಚ್ಚುವಾಗ ದಾರವನ್ನು ಎಳೆಯಬೇಡಿ. ನಾಲ್ಕೈದು ಹೊಲಿಗೆಗೊಂದು ಕಡೆ ಸಣ್ಣ ಕತ್ತರಿಯಿಂದ ಕತ್ತರಿಸಿ, ಹಿಂಭಾಗದಿಂದ ತುಂಡು ತುಂಡಾಗಿ ಎತ್ತಿ ತೆಗೆಯಿರಿ. ನಿಮ್ಮ ಸೀರೆಯಲ್ಲಿ ತೂತು ಬಿದ್ದದ್ದು ಬಹುಶಃ ಉದ್ದ ದಾರವನ್ನು ಸರ್ರನೆ ಎಳೆದಿದ್ದರಿಂದ.

ಬಿಚ್ಚಿದ ಮೇಲೆ ಹೆಚ್ಚಾದ ಬಟ್ಟೆಯನ್ನು ಒಂದು ದಪ್ಪ ನೆರಿಗೆ ಮಾಡುವ ಬದಲು ಎದುರುಬದುರಾಗಿ ಎರಡು ತೆಳು ನೆರಿಗೆಗಳಾಗಿ ಮಡಚಿ. ಕತ್ತರಿಸಬೇಡಿ, ಕತ್ತರಿಸಿದ ಅಂಚು ಒಳಗೆ ನೂಲು ಬಿಡುತ್ತದೆ. ನೆರಿಗೆಯನ್ನು ಹೊಲಿದು ಕೂರಿಸಿ, ಮೇಲೊಂದು ಚೌಕದ ತೇಪೆ ಹಾಕಿ ಸುತ್ತು ಮುಂದುವರಿಸಿ. ಅಜ್ಜಿಯ ಸೀರೆಯಲ್ಲಿ ಒಳ್ಳೆಯ ಅಂಚಿನ ತುಂಡು ಉಳಿದಿದ್ದರೆ ಅದು ಇಲ್ಲಿಗೆ ಬರಲಿ. ನಾನು ನೋಡಿದ ಎಷ್ಟೋ ಹಳೆಯ ಕೌದಿಗಳ ನಟ್ಟನಡುವೆ ಚೆಂದದ ಚೌಕವೊಂದು ಇತ್ತು. ಕೈಯಿಟ್ಟು ಒತ್ತಿದರೆ ಕೆಲವದರ ಕೆಳಗೆ ಇಂಥದೇ ನೆರಿಗೆ ಸಿಕ್ಕಿದೆ.

ಬಿಚ್ಚುವುದಕ್ಕೂ ಒಂದು ಲೆಕ್ಕವಿದೆ ಎಂಬುದು ನನಗೆ ತಿಳಿದದ್ದು ಬೀದರಿನಲ್ಲಿ. ಲೋಹದ ಪಾತ್ರೆಗೆ ಬೆಳ್ಳಿಯ ತಂತಿ ಕೂರಿಸುವ ಬಿದರಿ ಕೆಲಸದ ಕುಶಲಕರ್ಮಿಯೊಬ್ಬರ ಬಳಿ ಒಂದು ದಿನ ಪೂರ್ತಿ ಕುಳಿತು ನೋಡಿದ್ದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಕಲೆ ಅದು. ಹೊರಗಿನವರ ಕಣ್ಣಿಗೆ ಕಪ್ಪು ಮೈ, ಬೆಳ್ಳಿಯ ಬಳ್ಳಿ. ಒಳಗೆ ಕುಳಿತರೆ ಕಾಣುವುದು ಹೆಜ್ಜೆಹೆಜ್ಜೆಗೂ ತಪ್ಪಿಗೆ ಬೇರೆ ಬೇರೆ ಬೆಲೆ.

ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದಲ್ಲಿ ಗಾಳಿ ಸಿಕ್ಕಿ ಗುಳಿ ಬಿದ್ದರೆ ಯಾರ ಮುಖವೂ ಬಾಡುವುದಿಲ್ಲ; ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಮತ್ತೆ ಕರಗಿಸಿ ಹೊಯ್ದರಾಯಿತು. ನಯಗೊಳಿಸಿದ ಮೈಗೆ ಮೈಲುತುತ್ತದ ನೀರು ಸವರಿದಾಗ ಅದು ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಅದರ ಮೇಲೆ ಗೀಚಿದ ಗೆರೆ ಬೆಳ್ಳಗೆ ಕಾಣುತ್ತದೆ. ಗೆರೆ ತಪ್ಪಿದರೆ ಉಜ್ಜಿ, ಮತ್ತೆ ಸವರಿ, ಮತ್ತೆ ಗೀಚುತ್ತಾರೆ. ಇಲ್ಲಿಯವರೆಗೆ ಹಿಂದಿರುಗುವುದು ಅಗ್ಗ. ಉಳಿ ಆಳಕ್ಕೆ ಇಳಿದ ಮೇಲೆ ಮಾತ್ರ ಪ್ರತಿ ಪೆಟ್ಟಿಗೂ ಬೆಲೆ ಏರುತ್ತದೆ.

ಅಂದು ಅವರ ಉಳಿ ಹೂವಿನ ಎಸಳಿನ ತುದಿಯಿಂದ ಜಾರಿತು. ಅಕ್ಕಿಕಾಳಿನಷ್ಟು ಉದ್ದದ ಒಂದು ಗೀರು. ಅವರು ಕೈ ನಿಲ್ಲಿಸಿದರು. ಹೂದಾನಿಯನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಆ ಗೀರನ್ನೇ ಎಳೆದು ತೆಳುವಾದ ಕುಡಿ ಮಾಡಿದರು, ಎದುರು ಬದಿಯ ಎಸಳಿಗೂ ಅಂಥದೇ ಕುಡಿ ಇಟ್ಟರು. ಅರ್ಧ ಗಂಟೆಯ ನಂತರ ಇನ್ನೊಂದು ಕಡೆ, ಬೆಳ್ಳಿಯ ತಂತಿಯನ್ನು ಗೆರೆಯೊಳಗೆ ಸುತ್ತಿಗೆಯಿಂದ ಕೂರಿಸಿದ ಮೇಲೆ, ಉಗುರಿನಿಂದ ಅದನ್ನು ತಡವಿ ಪೂರ್ತಿ ಕಿತ್ತುಬಿಟ್ಟರು. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣಿಸಿರಲಿಲ್ಲ. ಚೆನ್ನಾಗಿಯೇ ಇತ್ತಲ್ಲ ಎಂದೆ. ಗೆರೆ ಆಳ ಸಾಲದು, ಉಜ್ಜುವಾಗ ಎದ್ದು ಬರುತ್ತದೆ ಎಂದರು. ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿಮಾಡಿದ ಪಾತ್ರೆಗೆ ಹಚ್ಚಿ ಕಪ್ಪು ಬರಿಸುವ ಕೆಲಸ ಕೊನೆಗಿದೆ. ಸತುವಿನ ಮೈ ಕಪ್ಪಾಗಿ ನಿಲ್ಲುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಸಡಿಲ ತಂತಿ ಅಲ್ಲಿಯವರೆಗೆ ಬಾಳುವುದಿಲ್ಲ.

ಎಲ್ಲರಿಗೂ ಕಾಣುವ ಗೀರನ್ನು ಅವರು ಉಳಿಸಿಕೊಂಡರು, ಯಾರಿಗೂ ಕಾಣದ ಸಡಿಲವನ್ನು ಬಿಚ್ಚಿದರು. ಮನೆಗೆ ಬಂದು ನನ್ನ ನಾದಿನಿಯ ಕೌದಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ ಅದೇ ಮಾತು ಬೇರೆ ರೀತಿಯಲ್ಲಿ ಅರ್ಥವಾಯಿತು. ನಾನು ಅದರಲ್ಲಿ ಕಾಣುವುದನ್ನೆಲ್ಲ ನೇರ ಮಾಡಿದ್ದೆ, ಕಾಣದ ದಾರವನ್ನು ವಿಚಾರಿಸಿರಲಿಲ್ಲ.

ಗೆಳತಿಯ ಮಾತಿಗೆ ಬರುತ್ತೇನೆ. ಆಕೆ ನಿಮ್ಮ ಮೇಲಿನ ಪ್ರೀತಿಯಿಂದ ಹೇಳಿದ್ದಾಳೆ. ಆದರೂ ಅದನ್ನು ಹಾಗೆಯೇ ಒಪ್ಪಿಕೊಂಡರೆ ಕುಣಿಯಲಾರದವಳು ನೆಲ ಡೊಂಕು ಎಂದಂತೆ ಆದೀತು. ಒಡೆದ ಬಟ್ಟಲಿನ ಬಿರುಕನ್ನು ಬಂಗಾರದಿಂದ ತೋರಿಸುವ ಜಪಾನಿನ ಕಿಂತ್ಸುಗಿಯ ಚಿತ್ರಗಳನ್ನು ಈಗ ಎಲ್ಲರ ಮೊಬೈಲ್‌ನಲ್ಲಿ ನೋಡುತ್ತೇವೆ. ಆ ಕೆಲಸದಲ್ಲಿ ಚೂರುಗಳನ್ನು ಮರದ ಅರಗಿನಿಂದ ಅಂಟಿಸಿ, ತೇವದ ಜಾಗದಲ್ಲಿ ದಿನಗಟ್ಟಲೆ ಗಟ್ಟಿಯಾಗಲು ಬಿಟ್ಟು, ಉಜ್ಜಿ, ಮತ್ತೆ ಅರಗು ಹಚ್ಚಿ, ಕೊನೆಗೆ ಬಂಗಾರದ ಪುಡಿ ಉದುರಿಸುತ್ತಾರೆ. ಮುಗಿಯಲು ವಾರಗಳೇ ಹಿಡಿಯುತ್ತವೆ. ಬಿರುಕನ್ನು ಹಾಗೇ ಬಿಟ್ಟವರು ಅವರಲ್ಲ. ಬೇಕೆಂದೇ ಹೊಲಿಗೆಯನ್ನು ಸೊಟ್ಟಗೆ ಮಾಡಿ ‘ಕೈಕೆಲಸದ ಸೊಗಸು’ ಎಂದು ಮಾರುವ ಸರಕನ್ನೂ ಅಂಗಡಿಗಳಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಮನಸ್ಸಿಗೆ ನೋವಾಗಿದೆ. ನೇರವಾಗಿ ಹೊಲಿಯಲು ಪ್ರಯತ್ನಪಟ್ಟು ಸೊಟ್ಟಗಾದ ಸಾಲಿಗೆ ಒಂದು ಮರ್ಯಾದೆ ಇದೆ.

ಅದಕ್ಕೆ ರೊಟ್ಟಿಯನ್ನು ನೆನೆಸಿಕೊಳ್ಳಿ. ನಮ್ಮ ಕಡೆ ಹುಡುಗಿಯರು, ಈಗೀಗ ಹುಡುಗರೂ, ಜೋಳದ ರೊಟ್ಟಿ ಬಡಿಯಲು ಕಲಿಯುವಾಗ ಅಂಚು ಸೀಳದ ಮನೆಯುಂಟೇ? ಸೀಳಿದ ರೊಟ್ಟಿಯನ್ನು ಯಾರೂ ಚೆಂದವೆಂದು ಹೊಗಳುವುದಿಲ್ಲ, ಎಸೆಯುವುದೂ ಇಲ್ಲ. ನೀರು ಕುದಿ ಬಂದಿರಲಿಲ್ಲ, ಇಲ್ಲವೇ ಹಿಟ್ಟು ಹಳೆಯದು, ಇಲ್ಲವೇ ನಾದಿದ್ದು ಸಾಲದು ಎಂದು ಅವ್ವ ಅಂಚು ನೋಡಿಯೇ ಹೇಳುತ್ತಾಳೆ. ಮುಂದಿನ ಉಂಡೆಗೆ ಬಿಸಿನೀರು ಚಿಮುಕಿಸಿ ನಾದುತ್ತೇವೆ. ಸೀಳಿದ್ದನ್ನು ಮನೆಯವರೇ ತಿನ್ನುತ್ತೇವೆ.

ನಿಮ್ಮ ಸಾಲುಗಳನ್ನೂ ಹಾಗೆಯೇ ಓದಿ. ಡೊಂಕು ಎಲ್ಲಿ ಶುರುವಾಗುತ್ತದೆ? ಹೊಸ ದಾರ ಪೋಣಿಸಿದ ಜಾಗದಲ್ಲಿ ಶುರುವಾದರೆ ನೀವು ದಾರವನ್ನು ಬಹಳ ಉದ್ದ ತೆಗೆದುಕೊಳ್ಳುತ್ತಿದ್ದೀರಿ. ಒಂದೂವರೆ ಮೊಳ ಮೀರಿದರೆ ಅದು ತಿರುಚಿಕೊಂಡು ಕೈಯನ್ನು ಎಳೆಯುತ್ತದೆ. ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಬೆಳಕು ಒಂದು ಬದಿಯಿಂದ ಬಂದು ನಿಮ್ಮ ಕೈಯ ನೆರಳೇ ಸಾಲಿನ ಮೇಲೆ ಬೀಳುತ್ತಿದೆ, ಕುಳಿತುಕೊಳ್ಳುವ ಜಾಗ ಬದಲಿಸಿ. ದಪ್ಪ ಪದರಗಳು ಕೂಡುವ ಕಡೆ ಮಾತ್ರ ಕೆಡುತ್ತಿದ್ದರೆ ಬೆರಳು ಸೂಜಿಗೆ ಹೆದರಿದೆ, ಅಂಗುಸ್ತಾನ ಹಾಕಿಕೊಳ್ಳಿ. ಈ ಮೂರರಲ್ಲಿ ಯಾವುದೆಂದು ಗೊತ್ತಾದರೆ ಮುಂದಿನ ಸಾಲು ತಾನಾಗಿಯೇ ಸುಧಾರಿಸುತ್ತದೆ. ಎರಡು ಸಲ ಬಿಚ್ಚಿದಾಗ ನೀವು ಕಳೆದುಕೊಂಡದ್ದು ಇದನ್ನೇ. ತಪ್ಪು ಎಲ್ಲಿ, ಯಾಕೆ ಆಯಿತೆಂದು ಓದುವ ಮುನ್ನವೇ ಅಳಿಸಿಬಿಟ್ಟಿರಿ.

ಉಳಿದವು ಸಣ್ಣ ಕೆಲಸ. ಸೂಜಿಯ ತೂತುಗಳನ್ನು ಒದ್ದೆ ಬೆರಳಿನಿಂದ ತೇವಮಾಡಿ ಉಗುರಿನ ಬೆನ್ನಿನಿಂದ ನಯವಾಗಿ ಉಜ್ಜಿ. ನೂಲಿನ ಬಟ್ಟೆಯಲ್ಲಿ ಎಳೆಗಳು ಸರಿದು ಬಹಳಷ್ಟು ಮುಚ್ಚಿಕೊಳ್ಳುತ್ತವೆ. ಹೊಸ ಸಾಲನ್ನು ಹಳೆಯ ತೂತಿನ ಮೇಲೆ ಹಾಕದೆ ಸ್ವಲ್ಪ ಸರಿಸಿ ಹಾಕಿ. ಹರಿದೇ ಹೋಗಿದ್ದರೆ ಕೆಳಗೊಂದು ತೇಪೆ ಕೊಡಿ. ತೇಪೆಯೂ ಅಷ್ಟೇ ಹಳೆಯದಾಗಿರಲಿ. ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿ ಸುತ್ತಲಿನ ಹಳೆಯದನ್ನು ಕಿತ್ತುಬಿಡುತ್ತದೆ.

ಬಣ್ಣ ಹತ್ತಿದ್ದಕ್ಕೆ ಬಿಸಿನೀರು, ಇಸ್ತ್ರಿ, ಬಿಸಿಲು ಮೂರೂ ಬೇಡ. ಆ ಮೂಲೆಯನ್ನು ತುಂಬ ತಣ್ಣೀರಿನಲ್ಲಿ ಮುಳುಗಿಸಿ, ನೀರು ಕೆಂಪಾದಂತೆಲ್ಲ ಬದಲಿಸುತ್ತ ಹೋಗಿ. ಬ್ಲೀಚಿಂಗ್ ಪುಡಿಯ ಹತ್ತಿರ ಹೋಗಬೇಡಿ, ಹಳೆಯ ನೂಲನ್ನು ಅದು ತಿಂದುಹಾಕುತ್ತದೆ. ಪೂರ್ತಿ ಹೋಗದಿದ್ದರೆ ಇರಲಿ ಬಿಡಿ. ಇನ್ನು ಮುಂದೆ ಪ್ರತಿ ಸೀರೆಯನ್ನೂ ಹೊಲಿಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಡುವ ಸೆರಗನ್ನು ನೀರು ತಿಳಿಯಾಗುವವರೆಗೆ ಒಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಂಬಿ ಕೂರಬೇಡಿ.

ಪಕ್ಕದ ಮನೆಯವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಸಾಧ್ಯವಾದರೆ ಅವರ ಮನೆಯ ಹಳೆಯ ಕೌದಿಯೊಂದನ್ನು ತೋರಿಸಿ ಎಂದು ಕೇಳಿ, ತಿರುವಿ ಹಿಂಭಾಗ ನೋಡಿ. ಕಲಿಯಲು ಬೇಕಾದಷ್ಟು ಸಿಗುತ್ತದೆ. ಹೊಲಿದವರು ಅವರ ಅವ್ವನೋ ಅತ್ತೆಯೋ ಆಗಿದ್ದರೆ ಮಾತೂ ಬೆಳೆಯುತ್ತದೆ.

ನಡುವಿನ ತೇಪೆ ಕೂರಿಸಿದ ಮೇಲೆ ಕೌದಿಯನ್ನು ಪುಣೆಗೆ ಕಳಿಸುವ ಮುನ್ನ ಮನೆಯಲ್ಲಿಯೇ ಒಂದು ಸಲ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ಹಳೆಯ ಬಟ್ಟೆ ಜಗ್ಗುತ್ತದೆ. ಮಂಚದ ಮೇಲೋ ಚಾಪೆಯ ಮೇಲೋ ಹರಡಿ. ಒಣಗಿದ ಮೇಲೆ ಇಡೀ ಕೌದಿಯನ್ನು ಅಂಗೈಯಿಂದ ಸವರಿ, ಸಡಿಲ ಸಿಕ್ಕಿದ ಕಡೆ ಎರಡು ಹೊಲಿಗೆ ಹಾಕಿ. ಕಟ್ಟಿ ಕಳಿಸುವಾಗ ಒಂದು ಸಣ್ಣ ಚೀಲದಲ್ಲಿ ಅದೇ ದಾರದ ಉಂಡೆ, ಒಂದು ಸೂಜಿ, ಅಂಗೈಯಗಲದ ಎರಡು ಸೀರೆ ತುಂಡು ಇಟ್ಟು ಕಳಿಸಿ. ಎಲ್ಲಿಯಾದರೂ ಬಿಚ್ಚಿದರೆ ನಿಮ್ಮ ಅಣ್ಣ ಅಲ್ಲಿಯೇ ಹಾಕಿಕೊಳ್ಳಲಿ. ಅವರ ಸಾಲು ನಿಮ್ಮದಕ್ಕಿಂತ ಡೊಂಕಾಗಿ ಬಂದರೆ ಬಿಚ್ಚಬೇಡ ಎಂದು ಹೇಳಿ.